ನಮ್ಮ ಕೇರಿಯ ಫೋನ್ ನಂಬರು ಅವರಿಗೆ ಕೊಟ್ಟವರು ಯಾರು?



ಪೋಸ್ಟ್ ಉದ್ದ ಐತಿ. ಟೈಮ್ ಸಿಕ್ಕಾಗ ಓದ್ರಿ, ಆದ್ರ ಪೂರ್ತಿ ಓದ್ರಿ. ನಡುವೆ ನನ್ನದೇ ಒಂದು ತಪ್ಪಿನ ವಿಷಯ ಬರ್ತದ, ಅದನ್ನ ಬಿಟ್ಟು ಓದಿದರ ಈ ಪೋಸ್ಟಿಗೆ ಅರ್ಥ ಇಲ್ಲ.

ಹೋದ ವಾರ ಮುಧೋಳ ಹತ್ತಿರದ ಒಂದು ಊರಿಗೆ ಹೋಗಿದ್ದೆ. ಅಲ್ಲಿ ಸಂಬಂಧದಲ್ಲಿ ನನಗೆ ಚಿಗವ್ವ ಆಗಬೇಕಾದವಳು ಒಬ್ಬಳಿದ್ದಾಳೆ. ವಯಸ್ಸು ಅರವತ್ತು ದಾಟಿದೆ. ಕಬ್ಬಿನ ಹೊಲದಲ್ಲಿ ದುಡಿದು ದುಡಿದು ಸೊಂಟ ಹೋಗಿದೆ. ಮಗ ಗೋವಾದಲ್ಲಿ ಗೌಂಡಿ ಕೆಲಸ ಮಾಡ್ತಾನೆ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರೋದೇ ಅವನ ಮುಖ ನೋಡಲಿಕ್ಕೆ, ಮೊಮ್ಮಗಳ ಫೋಟೊ ನೋಡಲಿಕ್ಕೆ. "ತಮ್ಮಾ, ಇದರಾಗ ಜಾಗಾ ಇಲ್ಲ ಅಂತ ತೋರಸಾಕತ್ತೈತಿ, ಕೂಸಿನ ಫೋಟೊ ಬರವಲ್ದು, ಸ್ವಲ್ಪ ನೋಡು" ಅಂತ ಕೈಗೆ ಕೊಟ್ಟಳು.

ತೆರೆದು ನೋಡಿದರೆ ಫೋನ್ ತುಂಬ ನಾಯಕರು. ಯುಗಾದಿ ಶುಭಾಶಯ, ದೀಪಾವಳಿ ಶುಭಾಶಯ, ಹುಟ್ಟುಹಬ್ಬದ ಶುಭಾಶಯ (ಆಕೆಯ ಹುಟ್ಟುಹಬ್ಬದ್ದಲ್ಲ, ನಾಯಕರದ್ದು), ಕೈ ಮುಗಿದು ನಿಂತ ಫೋಟೊ, ಹಾಡು ಹಚ್ಚಿದ ವಿಡಿಯೋ. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿ ಚುನಾವಣೆಯನ್ನು 2021ರಿಂದ ಮುಂದೂಡುತ್ತಲೇ ಬಂದರು. ಆಕಾಂಕ್ಷಿಗಳು ಮಾತ್ರ ತಮ್ಮ ಪ್ರಚಾರವನ್ನು ಒಂದು ದಿನವೂ ಮುಂದೂಡಿಲ್ಲ. ಡಿಲೀಟ್ ಮಾಡ್ತಾ ಕೂತೆ. ಅರ್ಧ ತಾಸು ಹಿಡೀತು. ಕೊನೆಗೆ ಕೂಸಿನ ಫೋಟೊ ಬಂತು.

ಫೋಟೊ ನೋಡಿ ನಕ್ಕು, ಆಮೇಲೆ ಚಿಗವ್ವ ಕೇಳಿದಳು: "ಅಲ್ಲೋ ತಮ್ಮಾ, ನನ್ನ ನಂಬರು ಇವರಿಗೆ ಕೊಟ್ಟವರು ಯಾರು? ನಾ ಏನ ಅವರಿಗೆ ಬೀಗತಿ ಆಗಬೇಕೇನು?"

ನಾನು ನಕ್ಕು ಸುಮ್ಮನಾದೆ. ಬೈಕ್ ಹತ್ತಿ ಜಮಖಂಡಿಗೆ ಬರೋ ದಾರಿಯುದ್ದಕ್ಕೂ ಆ ಪ್ರಶ್ನೆ ಬೆನ್ನು ಹತ್ತಿ ಬಂತು. ಯಾಕಂದ್ರ ಆ ಪ್ರಶ್ನೆಗೆ ಉತ್ತರ ಗೊತ್ತಿರುವ ಕೆಲವೇ ಮಂದಿಯಲ್ಲಿ ನಾನೂ ಒಬ್ಬ.

ಮೊದಲು ಉಳಿದವರ ಲೆಕ್ಕ ಹೇಳ್ತೀನಿ. ಅದು ಹೇಳೋದು ಸುಲಭ.

ಮತದಾರರ ಪಟ್ಟಿ ತೆಗೆದು ನೋಡ್ರಿ. ಅದರಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ ಇರ್ತದ. ಜಾತಿ ಕಾಲಂ ಇಲ್ಲ, ಫೋನ್ ನಂಬರ್ ಇಲ್ಲ. ಆದರೂ ನಮ್ಮ ಜಾತಿ ಅದರಲ್ಲಿ ಇದೆ. ಹೆಂಗ ಅಂದ್ರ ಪಟ್ಟಿಯನ್ನು ಓಣಿ ಓಣಿಯಾಗಿ, ವಿಭಾಗ ಮಾಡಿ ಅಚ್ಚು ಹಾಕ್ತಾರೆ. ಅಂಬೇಡ್ಕರ್ ನಗರ, ಜನತಾ ಪ್ಲಾಟ್, ಹಳೇ ಪಟ್ಟಿಯಾದರೆ ಹರಿಜನ ಕೇರಿ. ಊರು ನಮ್ಮನ್ನು ಬೇರೆ ಇಟ್ಟಿದೆ, ಆದ್ದರಿಂದ ಪಟ್ಟಿಯೂ ಬೇರೆ ಇಟ್ಟಿದೆ. ಊರಾಗಿನ ಏಜೆಂಟನಿಗೆ ಪೆನ್ಸಿಲ್ ಹಿಡಿದು ಒಂದು ಗೆರೆ ಎಳೆಯೋ ಕೆಲಸ ಅಷ್ಟೇ ಉಳಿದಿರ್ತದ. ಬೇರೆಯವರ ಜಾತಿ ಕಂಡುಹಿಡಿಯಲು ಕಂಪನಿಗಳಿಗೆ ಕಂಪ್ಯೂಟರ್ ಬೇಕು. ನಮ್ಮ ಜಾತಿಗೆ ಪುಟದ ಸಂಖ್ಯೆ ಸಾಕು.

ಫೋನ್ ನಂಬರನ್ನ ಆಮೇಲೆ ಅಂಟಿಸ್ತಾರೆ. 2014ರಲ್ಲಿ ಬಿಜೆಪಿ ಮಿಸ್ಡ್ ಕಾಲ್ ಕೊಟ್ಟರೆ ಸದಸ್ಯತ್ವ ಅನ್ನೋ ಅಭಿಯಾನ ಶುರು ಮಾಡಿತು, ನಂಬರ್ ತಾನಾಗಿಯೇ ಅವರ ಕೈ ಸೇರಿತು. 2023ರ ವಿಧಾನಸಭೆಗೆ ಕಾಂಗ್ರೆಸ್ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಸಹಿ ಇರುವ ಗ್ಯಾರಂಟಿ ಕಾರ್ಡ್ ಹಿಡಿದು ಮನೆ ಮನೆಗೆ ಹೋಯಿತು. ಸರ್ವೇ ಹೆಸರಿನಲ್ಲಿ, ಮುಂದಿನ ಯೋಜನೆಗೆ ಈಗಲೇ ಹೆಸರು ನೋಂದಾಯಿಸ್ತೀವಿ ಅಂತ ಮತದಾರರ ವಿವರ ಪಡೆಯೋದನ್ನು ನಿಲ್ಲಿಸಿ ಅಂತ ಚುನಾವಣಾ ಆಯೋಗ ಎಲ್ಲ ಪಕ್ಷಗಳಿಗೂ 2024ರ ಮೇ 2ರಂದು ಸೂಚನೆ ಕೊಟ್ಟಿತು. ಒಂದು ಪಕ್ಷದ ಮಾತಲ್ಲ ಇದು. ನಮ್ಮವರೇ ಕೆಲವರು "ಅವರು ಮಾಡಿದ್ರ ಡೇಟಾ ಕಳ್ಳತನ, ಇವರು ಮಾಡಿದ್ರ ಜನಸಂಪರ್ಕ" ಅನ್ನೋ ಹಂಗ ಮಾತಾಡ್ತಾರ, ಅದಕ್ಕೆ ಹೇಳಿದೆ.

ಬೆಂಗಳೂರಿನ ಚಿಲುಮೆ ಪ್ರಕರಣ ನೆನಪಿರಬಹುದು. 2022ರ ನವೆಂಬರದಲ್ಲಿ ಹೊರಗೆ ಬಂತು. ಮತದಾರರ ಜಾಗೃತಿ ಮಾಡ್ತೀವಿ ಅಂತ ಬಿಬಿಎಂಪಿ ಅನುಮತಿ ಪಡೆದ ಸಂಸ್ಥೆಯ ಮಂದಿ ಮನೆ ಮನೆಗೆ ಹೋಗಿ ಜನರ ವೈಯಕ್ತಿಕ ಮಾಹಿತಿ ಕಲೆಹಾಕಿದರು ಅನ್ನೋ ಆರೋಪ. ಕೊರಳಲ್ಲಿ ಬಿಎಲ್‌ಓ ಗುರುತಿನ ಚೀಟಿ ಬೇರೆ. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮತ್ತೆ ಪರಿಶೀಲನೆ ಮಾಡಬೇಕಾಯಿತು, ಇಬ್ಬರು ಐಎಎಸ್ ಅಧಿಕಾರಿಗಳ ಅಮಾನತೂ ಆಯಿತು. ರಾಜಧಾನಿಯಲ್ಲಿ, ಪತ್ರಿಕೆ ಟಿವಿ ಎಲ್ಲಾ ಇರೋ ಕಡೆ ಹಿಂಗಾದರೆ, ಬೀಳಗಿಯ ಒಂದು ತಾಂಡಾದಲ್ಲಿ, ರಬಕವಿ-ಬನಹಟ್ಟಿಯ ಮಗ್ಗದ ಓಣಿಯಲ್ಲಿ ಯಾರಾದರೂ ಟ್ಯಾಬ್ ಹಿಡಿದು ಬಂದು "ಅಕ್ಕಾರ, ನಂಬರ್ ಹೇಳ್ರಿ" ಅಂದರೆ ತಿರುಗಿ ಕೇಳೋರು ಯಾರು? ಮಗ್ಗದ ಸಪ್ಪಳದಾಗ ಕೇಳಿದ್ದೂ ಕೇಳೋದಿಲ್ಲ. ನಂಬರ್ ಹೇಳಿ ಕಳಿಸ್ತಾರ.

ಈಗ ನನ್ನ ಮಾತು.

2017ರಲ್ಲಿ ನಮ್ಮ ಸಂಘಟನೆಯಿಂದ ಮನೆ ನಿವೇಶನಕ್ಕಾಗಿ ಹೋರಾಟ ಮಾಡಿದ್ವಿ. ಹಳೇ ಒಡನಾಡಿಗಳಿಗೆ ನೆನಪಿದೆ. ಮುನ್ನೂರು ಚಿಲ್ಲರೆ ಕುಟುಂಬದವರ ಹೆಸರು ಬರೆದುಕೊಂಡಿದ್ವಿ. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ರಟ್ಟು. ಮನೆ ಯಜಮಾನನ ಹೆಸರು, ಯಜಮಾನತಿಯ ಹೆಸರು, ರೇಷನ್ ಕಾರ್ಡ್, ಫೋನ್ ನಂಬರ್. ಅರ್ಜಿಗೆ ಜಾತಿ ಪ್ರಮಾಣಪತ್ರ ಬೇಕಾಗಿತ್ತಲ್ಲ, ಹಂಗಾಗಿ ಉಪಜಾತಿಯ ಕಾಲಂ ಸಹ ಇತ್ತು. ಬರೆದವನು ನಾನೇ. ನಾನು ಬರೆದದ್ದಕ್ಕೇ ಮಂದಿ ನಂಬಿ ಹೇಳಿದ್ದರು.

2018ರಲ್ಲಿ ವಿಧಾನಸಭೆ ಚುನಾವಣೆ ಬಂತು. ಮೇ 12 ಮತದಾನ. ಅದಕ್ಕೂ ಮೊದಲು ಏಪ್ರಿಲ್ 14. ಒಬ್ಬ ಅಭ್ಯರ್ಥಿಯ ಕಡೆಯವನು ಬಂದ. ಹೆಸರು ಬೇಡ, ಪಕ್ಷವೂ ಬೇಡ, ಯಾಕಂದ್ರ ಇಲ್ಲಿ ಮಾತು ನನ್ನ ಬಗ್ಗೆ. "ಅಣ್ಣಾರ, ಬಾಬಾಸಾಹೇಬರ ಜಯಂತಿಗೆ ಎಲ್ಲರನ್ನೂ ಫೋನ್ ಮಾಡಿ ಕರಿಯೂಣು, ನಂಬರ್ ಅಷ್ಟ ಕೊಡ್ರಿ, ಪೆಂಡಾಲ್ ಊಟ ನಮ್ಮದು" ಅಂದ. ನಾನು ಪುಸ್ತಕ ತೆಗೆದೆ. ಅವನು ಮೊಬೈಲಿನಲ್ಲಿ ಒಂದೊಂದೇ ಹಾಳೆ ಫೋಟೊ ಹೊಡಕೊಂಡ. ಗಾಳಿಗೆ ಹಾಳೆ ಹಾರಬಾರದು ಅಂತ ನಾನೇ ಎರಡೂ ಕೈಯಿಂದ ಹಿಡಿದಿದ್ದೆ. ಐದು ನಿಮಿಷದ ಕೆಲಸ. ರೊಕ್ಕ ತಗೊಂಡಿಲ್ಲ ಅಂತ ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಪೆಂಡಾಲ್ ಅವರದಾಗಿತ್ತು.

ಜಯಂತಿ ಚಂದ ಆಯಿತು. ಫೋನ್‌ಗಳು ಗುಣುಗುಡಲು ಶುರುವಾದದ್ದು ಅದರ ಮರುವಾರ.

ಗೊತ್ತಾದದ್ದು ಆಕಸ್ಮಿಕ. ಜಮಖಂಡಿಯಲ್ಲಿ ರೂಮ್ ಮಾಡಿಕೊಂಡು ಕಾಲೇಜು ಓದುತ್ತಿದ್ದ ಇಬ್ಬರು ಹುಡುಗರು, ಒಬ್ಬ ಮಾದಿಗ, ಒಬ್ಬ ಛಲವಾದಿ, ಒಂದೇ ಒಲೆ, ಒಂದೇ ಬುತ್ತಿ. ಒಂದು ರಾತ್ರಿ ಇಬ್ಬರೂ ಬಂದರು. "ಕಾಕಾ, ಇದು ನೋಡ್ರಿ." ಇಬ್ಬರ ಮನೆಯ ಫೋನಿಗೂ ಒಂದೇ ನಂಬರಿನಿಂದ ಮೆಸೇಜ್. ಮೇಲೆ ಅದೇ ಬಾಬಾಸಾಹೇಬರ ಫೋಟೊ, ಕೆಳಗೆ ಅದೇ ಅಭ್ಯರ್ಥಿಯ ಫೋಟೊ. ಒಂದರಲ್ಲಿ ಬರೆದಿತ್ತು, ಸದಾಶಿವ ಆಯೋಗದ ವರದಿ ಜಾರಿ ಮಾಡಿಸೋದು ನನ್ನ ಹೊಣೆ ಅಂತ. ಇನ್ನೊಂದರಲ್ಲಿ ಬರೆದಿತ್ತು, ಆ ವರದಿ ಜಾರಿಯಾಗದಂತೆ ತಡೆಯೋದು ನನ್ನ ಹೊಣೆ ಅಂತ. 2012ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿ ಅದು, ಆರು ವರ್ಷ ಧೂಳು ತಿಂದಿತ್ತು. ಆ ಧೂಳನ್ನೇ ಎರಡು ಪೊಟ್ಟಣ ಕಟ್ಟಿ ಎರಡು ಓಣಿಗೆ ಕಳಿಸಿದ್ದ ಪುಣ್ಯಾತ್ಮ.

ಎಡಗೈ ಯಾರು, ಬಲಗೈ ಯಾರು ಅಂತ ಅವನಿಗೆ ಹೆಂಗ ಗೊತ್ತಾತು? ನನ್ನ ಅಕ್ಷರದಾಗ ಬರೆದಿತ್ತು. ನನ್ನ ಪುಸ್ತಕದ ಉಪಜಾತಿ ಕಾಲಂ.

ಆ ಹುಡುಗರಿಗೆ ಅವತ್ತು ಇದನ್ನು ಹೇಳಲಿಲ್ಲ. "ರಾಜಕೀಯದವರು ಹಂಗ ಬಿಡ್ರೋ" ಅಂತ ಕಳಿಸಿದೆ. ಇಷ್ಟು ವರ್ಷ ಆದ ಮೇಲೆ ಇಲ್ಲಿ ಬರೀತಿದ್ದೇನೆ.

ಬೇಡದ ಮೆಸೇಜ್ ಅಂದರೆ ಬರೀ ಕಿರಿಕಿರಿ, ಬ್ಲಾಕ್ ಮಾಡಿ ಬಿಡ್ರಿ ಅಂತ ಹೇಳುವವರಿಗೆ ನನ್ನ ತಕರಾರು ಇಲ್ಲಿಂದ ಶುರು. ವೇದಿಕೆ ಮೇಲೆ ನಿಂತು ಸುಳ್ಳು ಹೇಳಿದರೆ ಎಡಗೈಯವನೂ ಕೇಳ್ತಾನೆ, ಬಲಗೈಯವನೂ ಕೇಳ್ತಾನೆ, ಯಾರಾದರೂ ಎದ್ದು ನಿಂತು "ನಿನ್ನೆ ಅಲ್ಲಿ ಬ್ಯಾರೆ ಹೇಳಿದ್ದೆಲ್ಲಪಾ" ಅನ್ನಬಹುದು. ಫೋನಿನಲ್ಲಿ ಬಂದ ಸುಳ್ಳು ಒಂದೊಂದು ಮನೆಗೆ ಒಂದೊಂದು ಅಳತೆಯ ಅಂಗಿ ಹೊಲಿದು ಬರ್ತದ. ಪಕ್ಕದ ಓಣಿಗೆ ಏನು ಬಂದಿದೆ ಅಂತ ನಮಗೆ ಕಾಣೋದಿಲ್ಲ. ಬ್ಲಾಕ್ ಮಾಡಿದರೆ ನನ್ನ ಫೋನ್ ಶಾಂತ ಆಗ್ತದ, ಪಕ್ಕದ ಓಣಿಯವರ ಮನಸ್ಸಿನಲ್ಲಿ ನನ್ನ ಬಗ್ಗೆ ಬಿತ್ತಿದ ಬೀಜ ಹಂಗೇ ಮೊಳಕೆ ಒಡೀತದ.

ಈಗ ಅದೇ ಗಾಯ ಇನ್ನೂ ಹಸಿಯಾಗಿದೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿ ಕೊಡಬಹುದು ಅಂತ ಹೇಳಿತು. ಮರುವರ್ಷ ನಾಗಮೋಹನ ದಾಸ್ ಆಯೋಗ ಸಮೀಕ್ಷೆ ಮಾಡಿ ವರದಿ ಕೊಟ್ಟಿತು, 2025ರ ಆಗಸ್ಟ್‌ನಲ್ಲಿ ಸಂಪುಟ 6-6-5 ಅಂತ ಹಂಚಿತು. ಯಾರಿಗೆ ಸಿಕ್ಕಿತು, ಯಾರಿಗೆ ಸಾಲಲಿಲ್ಲ ಅನ್ನೋ ಜಗಳ ಮುಗಿದಿಲ್ಲ. ನಮ್ಮೊಳಗೆ ಕೂತು ಮಾತಾಡಿ ಬಗೆಹರಿಸಿಕೊಳ್ಳಬೇಕಾದ ಜಗಳ ಅದು. ಮುಂದಿನ ಚುನಾವಣೆಯಲ್ಲಿ ಅದನ್ನು ಹಿಡಿದು ಪ್ರತಿ ಓಣಿಗೆ ಒಂದೊಂದು ಮೆಸೇಜ್ ಬರೋದು ಗ್ಯಾರಂಟಿ. ಬರೆದಿಟ್ಟುಕೊಳ್ರಿ.

ಮುಧೋಳದ ಸಂಗತಿ ಬೇರೆಯೇ. ಅದು ಮೀಸಲು ಕ್ಷೇತ್ರ. 2023ರಲ್ಲಿ ಗೋವಿಂದ ಕಾರಜೋಳರು ಸೋತು ಆರ್.ಬಿ. ತಿಮ್ಮಾಪುರ ಗೆದ್ದರು. ನಿಲ್ಲುವವರೆಲ್ಲ ನಮ್ಮವರೇ, ಆದರೆ ಗೆಲ್ಲಿಸುವ ಓಟು ಬಹುಪಾಲು ಕೇರಿಯ ಹೊರಗಿನದು. 1932ರ ಪೂನಾ ಒಪ್ಪಂದದಲ್ಲಿ 148 ಸ್ಥಾನ ಕೊಟ್ಟು ಪ್ರತ್ಯೇಕ ಮತದಾನ ಕಿತ್ತುಕೊಂಡಾಗಲೇ ಈ ಗಂಟು ಬಿದ್ದದ್ದು. ಹಿಂಗಾಗಿ ಮೀಸಲು ಕ್ಷೇತ್ರದಲ್ಲಿ ಯಾವ ಪಕ್ಷದ ಹುರಿಯಾಳೇ ಇರಲಿ, ಕೇರಿಗೆ ಒಂದು ಮಾತು, ಊರಿಗೆ ಒಂದು ಮಾತು ಹೇಳೋ ಒತ್ತಡ ಇದ್ದೇ ಇರ್ತದ. ಮೊದಲು ಎರಡು ಸಭೆ ಬೇಕಾಗ್ತಿತ್ತು, ಈಗ ಎರಡು ವಾಟ್ಸಾಪ್ ಪಟ್ಟಿ ಸಾಕು.

2024ರ ಲೋಕಸಭೆ ಚುನಾವಣೆ ವಿಷಯಕ್ಕೆ ಬರ್ತೀನಿ. ನಮ್ಮ ಬಾಗಲಕೋಟೆ ಕ್ಷೇತ್ರಕ್ಕೆ ಮತದಾನ ಮೇ 7. ಮೇ 4ರಂದು ರಾಜ್ಯ ಬಿಜೆಪಿ ಎಕ್ಸ್ ಖಾತೆಯಲ್ಲಿ ಒಂದು ಕಾರ್ಟೂನ್ ವಿಡಿಯೋ ಹಾಕಿತು. ಗೂಡಿನಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ ಅಂತ ಬರೆದ ಮೊಟ್ಟೆಗಳು, ಅದರ ನಡುವೆ ರಾಹುಲ್ ಗಾಂಧಿ ಮುಸ್ಲಿಂ ಅಂತ ಬರೆದ ಮೊಟ್ಟೆ ಇಡ್ತಾರೆ, ಸಿದ್ದರಾಮಯ್ಯ ಜೊತೆಗಿರ್ತಾರೆ, ಮರಿಯಾದ ಮೇಲೆ ಅದೊಂದಕ್ಕೇ ಅನುದಾನ ಉಣಿಸ್ತಾರೆ, ಅದು ಬೆಳೆದು ಉಳಿದ ಮರಿಗಳನ್ನು ಗೂಡಿನಿಂದ ಹೊರಗೆ ನೂಕ್ತದೆ. ಇಷ್ಟೇ ಕಥೆ. ದೂರು ಹೋಯಿತು, ಬೆಂಗಳೂರಿನಲ್ಲಿ ಎಫ್‌ಐಆರ್ ಆಯಿತು. ತೆಗೆದುಹಾಕಿ ಅಂತ ಮೇ 5ರಂದೇ ರಾಜ್ಯದ ಮುಖ್ಯ ಚುನಾವಣಾಧಿಕಾರಿ ಕಡೆಯಿಂದ ಎಕ್ಸ್ ಕಂಪನಿಗೆ ಸೂಚನೆ ಹೋಗಿತ್ತು. ತೆಗೆಯಲಿಲ್ಲ. ಕೊನೆಗೆ ಕೇಂದ್ರ ಚುನಾವಣಾ ಆಯೋಗ ತಕ್ಷಣ ತೆಗೆಯಿರಿ ಅಂತ ಪತ್ರ ಬರೆದದ್ದು ಯಾವತ್ತು? ಮೇ 7. ನಾವು ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತಿದ್ದ ದಿನ. ರಾಜ್ಯದ ಹದಿನಾಲ್ಕು ಕ್ಷೇತ್ರಗಳಿಗೆ ಅವತ್ತೇ ಮತದಾನ. ಎಕ್ಸ್‌ನಲ್ಲಿ ಹಾಕಿದ್ದು ಎಕ್ಸ್‌ನಲ್ಲೇ ಇರ್ತದೇನು? ಎಕ್ಸ್ ಖಾತೆಯೇ ಇಲ್ಲದವರ ಫೋನಿಗೆ ಅಂಥವು ಬಂದು ಬೀಳೋದು ವಾಟ್ಸಾಪ್‌ನಿಂದ.

ಆ ಮೊಟ್ಟೆಯ ಮೇಲೆ ನಮ್ಮ ಹೆಸರು ಬರೆಯಲು ಅವರಿಗೆ ಅನುಮತಿ ಕೊಟ್ಟವರು ಯಾರು ಅಂತ ನಾವು ಕೇಳಲಿಲ್ಲ. ಮುಸ್ಲಿಮರಿಗೆ ಅವಮಾನ ಆಯಿತು ಅಂತ ಎಲ್ಲರೂ ಹೇಳಿದರು, ಅದು ಖರೇ. ನಮ್ಮನ್ನು ಕೈಕಾಲಿಲ್ಲದ ಮೊಟ್ಟೆ ಮಾಡಿ, ನಮ್ಮ ಹೆಸರಿನಲ್ಲಿ ಇನ್ನೊಬ್ಬರ ಮೇಲೆ ದ್ವೇಷ ಕಾರಿದ್ದನ್ನು ಹೇಳಿದವರು ಕಡಿಮೆ. ವಾಸ್ತವ ನೋಡಿದರೆ ಕರ್ನಾಟಕದಲ್ಲಿ ಮುಸ್ಲಿಮರಿಗಿರುವ ಶೇಕಡಾ 4 ಹಿಂದುಳಿದ ವರ್ಗಗಳ 2ಬಿ ಅಡಿಯಲ್ಲಿದೆ. ಪರಿಶಿಷ್ಟ ಜಾತಿಯ ಪಾಲಿಗೂ ಅದಕ್ಕೂ ಸಂಬಂಧವಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರನ್ನು ಬಿಟ್ಟು ಬೇರೆ ಧರ್ಮದವರು ಎಸ್‌ಸಿ ಪಟ್ಟಿಗೆ ಬರುವಂತೆಯೇ ಇಲ್ಲ. ಆ ಆದೇಶ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನಮ್ಮ ಗೂಡಿಗೆ ಯಾರೂ ಮೊಟ್ಟೆ ಇಟ್ಟಿರಲಿಲ್ಲ ಅನ್ನೋದು ಮಾತ್ರ ಸತ್ಯ. ಇದನ್ನು ಎರಡು ನಿಮಿಷದಲ್ಲಿ ಕಟ್ಟೆಯ ಮೇಲೆ ಕೂತು ಹೇಳಬಹುದಿತ್ತು. ನಾವು ಹೇಳಲಿಲ್ಲ, ಯಾಕಂದ್ರ ನಾವು ಆ ವಿಡಿಯೋವನ್ನು ಸಿಟ್ಟಿನಿಂದ ಫಾರ್ವರ್ಡ್ ಮಾಡೋದ್ರಾಗ ಬಿಜಿ ಇದ್ವಿ. "ನೋಡ್ರಿ ಎಂಥಾ ಹಲ್ಕಟ್ ಕೆಲಸ" ಅಂತ ಬರೆದು ಕಳಿಸಿದರೂ ಹೋಗೋದು ಅದೇ ವಿಡಿಯೋ.

ಅದೇ ವರ್ಷ ಮಾರ್ಚ್‌ನಲ್ಲಿ ಪ್ರಧಾನಿಯವರ ಪತ್ರ ಹೊತ್ತ 'ವಿಕಸಿತ ಭಾರತ ಸಂಪರ್ಕ' ವಾಟ್ಸಾಪ್ ಮೆಸೇಜ್ ದೇಶದ ತುಂಬ ಬಂತಲ್ಲ. ಮಾರ್ಚ್ 16ಕ್ಕೆ ನೀತಿಸಂಹಿತೆ ಜಾರಿ, ಆಮೇಲೂ ಬರ್ತಾನೇ ಇತ್ತು. 21ಕ್ಕೆ ಆಯೋಗ ನಿಲ್ಲಿಸಿ ಅಂತ ಐಟಿ ಇಲಾಖೆಗೆ ಹೇಳಿತು. ನಾವು ಮೊದಲೇ ಕಳಿಸಿದ್ವಿ, ನೆಟ್‌ವರ್ಕ್ ತಡದಿಂದ ಕೆಲವು ಆಮೇಲೆ ಮುಟ್ಟಿರಬಹುದು ಅಂತ ಉತ್ತರ. ನಮ್ಮೂರ ಪೋಸ್ಟಿಗೂ ಇಷ್ಟು ಒಳ್ಳೆ ನೆಪ ಹೊಳೆದಿರಲಿಲ್ಲ.

ಹಂಗಾದ್ರ ಕಾನೂನು ಏನು ಹೇಳ್ತದ? ಇಲ್ಲಿ ತೂತು ಬಹಳ.

1909ಕ್ಕೆ ಫೋನ್ ಮಾಡಿ ಡಿಎನ್‌ಡಿ ಹಾಕಿಸಿದರೆ ಎಲ್ಲಾ ನಿಲ್ತದ ಅಂತ ಹುಡುಗೂರು ಹೇಳ್ತಾರ. ಟ್ರಾಯ್‌ನ 2018ರ ನಿಯಮ ಇರೋದು ವ್ಯಾಪಾರದ ಸಂದೇಶಗಳಿಗೆ. ಸಾಲ ಬೇಕಾ, ಪ್ಲಾಟ್ ಬೇಕಾ ಅನ್ನೋರನ್ನು ತಡೀತದ. ಓಟು ಬೇಕು ಅನ್ನೋರು ವ್ಯಾಪಾರಿಗಳ ಲೆಕ್ಕಕ್ಕೆ ಬರೋದಿಲ್ಲವಂತೆ. ನಗಬೇಡ್ರಿ.

ಕಾಗದದ ಕರಪತ್ರ ಹಂಚಿದರೆ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಕೆಳಗೆ ಮುದ್ರಕನ ಹೆಸರು, ಪ್ರಕಾಶಕನ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹಿಂದೆ ರಾತ್ರೋರಾತ್ರಿ ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದ ಹೆಸರಿಲ್ಲದ ಚೀಟಿಗಳನ್ನು ತಡೆಯಲಿಕ್ಕೆ ಬಂದ ಕಲಂ ಅದು. ಈಗ ಅದೇ ಚೀಟಿ ಫೋನಿನ ಸಂದಿಯಲ್ಲಿ ಬರ್ತದ, ಕೆಳಗೆ ಯಾರ ಹೆಸರೂ ಇಲ್ಲ. ಬಲ್ಕ್ ಎಸ್‌ಎಂಎಸ್ ಮತ್ತು ರೆಕಾರ್ಡ್ ಮಾಡಿದ ದನಿಯ ಕರೆಗಳಿಗೆ ಎಂಸಿಎಂಸಿ ಸಮಿತಿಯ ಪೂರ್ವಾನುಮತಿ ಬೇಕು ಅನ್ನೋ ಆಯೋಗದ ಸೂಚನೆ ಇದೆ. ಮತದಾನ ಮುಗಿಯುವ ಮುಂಚಿನ 48 ತಾಸು ಅವು ಬರಲೇಬಾರದು. ಆದರೆ ಹತ್ತು ಹುಡುಗರಿಗೆ ಹತ್ತು ಸಿಮ್ ಕೊಟ್ಟು ಕೂರಿಸಿ ವಾಟ್ಸಾಪ್ ಮಾಡಿಸಿದರೆ ಅದು "ಖಾಸಗಿ ಅಭಿಮಾನಿಗಳ ಅಭಿಪ್ರಾಯ" ಆಗಿಬಿಡ್ತದ.

ಸಿ-ವಿಜಿಲ್ ಆ್ಯಪ್ ಇದೆ, 100 ನಿಮಿಷದಲ್ಲಿ ಕ್ರಮ ಅಂತಾರೆ. ಸೀರೆ ಹಂಚುವವರನ್ನು, ಬಾಡೂಟದ ಪೆಂಡಾಲನ್ನು ಹಿಡಿಯಲು ಒಳ್ಳೆಯದು, ಬಳಸ್ರಿ. ಆದರೆ ಅದರೊಳಗೇ ಕ್ಯಾಮೆರಾ ತೆಗೆದು ಸ್ಥಳದಲ್ಲೇ ಫೋಟೊ ಹೊಡೆಯಬೇಕು. ಮೊದಲೇ ಫೋನಿನಲ್ಲಿರುವ ಚಿತ್ರ ಹಾಕಲು ಬರೋದಿಲ್ಲ. ಅಂದರೆ ಫೋನಿಗೆ ಬಂದ ಮೆಸೇಜಿನ ಸ್ಕ್ರೀನ್‌ಶಾಟ್ ಅಲ್ಲಿ ನಡೆಯೋದಿಲ್ಲ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆ ಆಯಿತು, ಅದರ ನಿಯಮಗಳು ಹೊರಬೀಳಲು 2025ರ ನವೆಂಬರ್ ಆಗಬೇಕಾಯಿತು. ಒಪ್ಪಿಗೆ ಪಡೆಯಬೇಕು ಅನ್ನೋ ಮುಖ್ಯ ಭಾಗಕ್ಕೆ ಮತ್ತೂ ಹದಿನೆಂಟು ತಿಂಗಳ ವಾಯಿದೆ.

ಇಷ್ಟರ ನಡುವೆ ನಮ್ಮ ಕೈಯಲ್ಲಿ ಗಟ್ಟಿಯಾದದ್ದು ಒಂದಿದೆ, ನಾವೇ ಅದನ್ನು ಬಳಸೋದಿಲ್ಲ. ಅದನ್ನು ಹೇಳುವ ಮೊದಲು ಇನ್ನೊಂದು ಜಾತಿಯ ಮೆಸೇಜ್ ಬಗ್ಗೆ ಹೇಳಬೇಕು. ಪ್ರಚಾರದ ಮೆಸೇಜ್ ಅಲ್ಲ, ಫಲಿತಾಂಶ ಬಂದ ಮೇಲೆ ಬರೋದು. "ನಿಮ್ಮ ಬೂತ್‌ನಾಗ ನಮಗ ಎಷ್ಟು ಬಿದ್ದಾವ ಗೊತ್ತೈತಿ." ಇಷ್ಟೇ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಬೀಳಗಿ ಕಡೆಯ ಒಬ್ಬ ತಮ್ಮ ನನಗೆ ಇಂಥದ್ದೊಂದನ್ನು ತೋರಿಸಿದ್ದ. ಅದಾದ ಮೇಲೆ ಅವನ ಅವ್ವನಿಗೆ ಹದಿನೈದು ದಿನ ಹೊಲದ ಕೂಲಿಗೆ ಯಾರೂ ಕರೆಯಲಿಲ್ಲ. ಕರೆಯಬ್ಯಾಡ್ರಿ ಅಂತ ಯಾರೂ ಡಂಗುರ ಸಾರಿರಲಿಲ್ಲ.

ಅವರಿಗೆ ಗೊತ್ತಾಗೋದು ಹೆಂಗ? ಫಾರ್ಮ್ 20 ಅಂತ ಇದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಓಟು ಅಂತ ಸರ್ಕಾರವೇ ಪ್ರಕಟ ಮಾಡ್ತದ. ಊರು ದೊಡ್ಡದಿದ್ದು ಕೇರಿಗೇ ಒಂದು ಮತಗಟ್ಟೆ ಇದ್ದರೆ, ಗುಪ್ತ ಮತದಾನ ಅನ್ನೋದು ಒಬ್ಬೊಬ್ಬರಿಗೆ ಗುಪ್ತ, ಕೇರಿಗೆ ಬಹಿರಂಗ. ಕಾಗದದ ಮತಪತ್ರ ಇದ್ದಾಗ ಎಣಿಕೆಗೆ ಮೊದಲು ಬೇರೆ ಬೇರೆ ಮತಗಟ್ಟೆಯ ಚೀಟಿ ಬೆರೆಸಲು ನಿಯಮದಲ್ಲಿ ಅವಕಾಶ ಇತ್ತು. ಯಂತ್ರ ಬಂದ ಮೇಲೆ ಅದು ಹೋಯಿತು. ಹಲವು ಯಂತ್ರಗಳ ಓಟನ್ನು ಒಟ್ಟು ಮಾಡಿ ತೋರಿಸುವ ಟೋಟಲೈಸರ್ ಬಳಸೋಣ ಅಂತ ಚುನಾವಣಾ ಆಯೋಗವೇ 2008ರಲ್ಲಿ ಕೇಳಿತು, 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಹೌದು ಮಾಡ್ರಿ ಅಂದಿತು. ಯಾವ ಸರ್ಕಾರವೂ ಮಾಡಲಿಲ್ಲ.  ನಮ್ಮ ಸಂಘಟನೆಗಳ ಬೇಡಿಕೆ ಪತ್ರಗಳಲ್ಲಿ ಹತ್ತೊಂಬತ್ತು ಬೇಡಿಕೆ ಇರ್ತಾವ, ಇದೊಂದು ಇರೋದಿಲ್ಲ.

ಕೈಯಲ್ಲಿರೋ ಗಟ್ಟಿ ಅಸ್ತ್ರ ಅಂದೆನಲ್ಲ, ಅದು ದೌರ್ಜನ್ಯ ತಡೆ ಕಾಯ್ದೆ. 2015ರ ತಿದ್ದುಪಡಿಯ ನಂತರದ ಕಲಂ 3(1) ತೆಗೆದು ಓದ್ರಿ. ಇಂಥವರಿಗೇ ಓಟು ಹಾಕು ಅಥವಾ ಹಾಕಬೇಡ ಅಂತ ಎಸ್‌ಸಿ, ಎಸ್‌ಟಿಯವರನ್ನು ಒತ್ತಾಯಿಸೋದು, ಹೆದರಿಸೋದು (ಎಲ್) ಅಡಿಯಲ್ಲಿ ಅಪರಾಧ. ಮತದಾನ ಆದ ಮೇಲೆ ಹೊಡೆಯೋದು, ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕೋದು, ಹಾಕ್ತೀವಿ ಅಂತ ಬೆದರಿಸೋದು, ಸಿಗಬೇಕಾದ ಸಾರ್ವಜನಿಕ ಸೌಲಭ್ಯ ತಪ್ಪಿಸೋದು (ಎನ್). ಇಂಥವರಿಗೆ ಓಟು ಹಾಕಿದ್ದಕ್ಕೆ ಅಥವಾ ಹಾಕದ್ದಕ್ಕೆ ಈ ಕಾಯ್ದೆಯ ಯಾವುದೇ ಅಪರಾಧ ಎಸಗೋದು (ಓ). ಮೂರೂ ಕಲಂಗಳು ಕಾಯ್ದೆಯಲ್ಲಿ ಹತ್ತಿರ ಹತ್ತಿರವೇ ಕೂತಾವ. ಕೂಲಿಗೆ ಕರೆಯದೆ ಇರೋದನ್ನು ಸಾಬೀತು ಮಾಡೋದು ಕಷ್ಟ. ಆದರೆ ಅದಕ್ಕೂ ಮೊದಲು ಬಂದ ಆ ಒಂದು ಸಾಲಿನ ಮೆಸೇಜ್ ಇದ್ದರೆ ಕೇಸಿಗೆ ಕಾಲು ಬರ್ತದ. ಬೀಳಗಿಯ ಆ ತಮ್ಮ ಸಿಟ್ಟಿಗೆ ಮೆಸೇಜ್ ಡಿಲೀಟ್ ಮಾಡಿ, ನಂಬರ್ ಬ್ಲಾಕ್ ಮಾಡಿಬಿಟ್ಟಿದ್ದ. ಠಾಣೆಗೆ ಹೋದರೆ ತೋರಿಸಲು ಏನೂ ಉಳಿದಿರಲಿಲ್ಲ.

ಹಂಗಾಗಿ ಈ ಸಲ ಶುಭಾಶಯದ ಕಸ ಡಿಲೀಟ್ ಮಾಡ್ರಿ, ಫೋನಿನಲ್ಲಿ ಜಾಗ ಬೇಕು. ಆದರೆ ಜಾತಿ ಹೆಸರು ಹಿಡಿದದ್ದು, ಒಳಮೀಸಲಾತಿ ಹೆಸರಿನಲ್ಲಿ ನಮ್ಮನ್ನ ನಮ್ಮ ಮೇಲೆ ಎತ್ತಿಕಟ್ಟೋದು, ಮುಸ್ಲಿಮರ ಮೇಲೆ ನಮ್ಮನ್ನು ಛೂ ಬಿಡೋದು, ಬೂತ್ ಲೆಕ್ಕ ಹೇಳೋದು, ಇವನ್ನು ಇಟ್ಟುಕೊಳ್ಳಿ. ನಂಬರ್, ತಾರೀಕು, ಸಮಯ ಕಾಣುವ ಹಂಗ ಸ್ಕ್ರೀನ್‌ಶಾಟ್ ತೆಗೀರಿ, ಮೂಲ ಮೆಸೇಜೂ ಫೋನಿನಲ್ಲಿರಲಿ. ಯಾರಿಗೂ ಫಾರ್ವರ್ಡ್ ಮಾಡಬ್ಯಾಡ್ರಿ. ಆಮೇಲೆ ಕಟ್ಟೆಗೆ ಬರ್ರಿ. ವಾರಕ್ಕೊಮ್ಮೆ ಎರಡೂ ಓಣಿಯ ಹುಡುಗೂರು ಕೂತು ಫೋನ್ ಪಕ್ಕ ಪಕ್ಕ ಇಟ್ಟು ನೋಡ್ರಿ, ಆ ಇಬ್ಬರು ಹುಡುಗರು ಮಾಡಿದ ಹಂಗ. ಆಗದಿದ್ದರೆ ಅಕ್ಕ-ತಂಗಿಯರ ಸಂಘದ ಸಭೆಯಲ್ಲಾದರೂ ನೋಡ್ರಿ. ದೂರು ಕೊಡಬೇಕಾದರೆ ಬರವಣಿಗೆಯಲ್ಲಿ ತಾಲೂಕಿನ ಚುನಾವಣಾಧಿಕಾರಿಗೆ, ಪ್ರತಿಯೊಂದು ಜಿಲ್ಲಾಧಿಕಾರಿಗೆ, ಸ್ವೀಕೃತಿ ಇಲ್ಲದೆ ವಾಪಸ್ ಬರಬ್ಯಾಡ್ರಿ. ಬೆದರಿಕೆ ಇದ್ದರೆ ನೇರ ಠಾಣೆಗೆ, ಮೇಲಿನ ಕಲಂ ಬರೆದುಕೊಂಡು. 1950ಕ್ಕೆ ಫೋನ್ ಮಾಡ್ರಿ, ಆದರೆ ಫೋನ್ ಮಾಡಿದ್ದೇ ದೂರು ಅಂದ್ಕೋಬ್ಯಾಡ್ರಿ.

ಸಂಘಟನೆಯ ಗೆಳೆಯರಿಗೆ ಒಂದು ಮಾತು, ಸಿಟ್ಟಾದರೂ ಅಡ್ಡಿಯಿಲ್ಲ. ಜಯಂತಿ ಗ್ರೂಪ್, ಹಾಸ್ಟೆಲ್ ಗ್ರೂಪ್, ನಿವೇಶನ ಗ್ರೂಪ್, ಭೀಮಾ ಕೋರೆಗಾಂವ್‌ಗೆ ಹೋಗುವ ಬಸ್ಸಿನ ಗ್ರೂಪ್. ಚುನಾವಣೆ ಬಂದ ತಕ್ಷಣ ಇವುಗಳ ಅಡ್ಮಿನ್‌ಗಳಿಗೆ ಬೆಲೆ ಬರ್ತದ. ಒಂದು ರಾತ್ರಿಯಲ್ಲಿ ಅಭ್ಯರ್ಥಿಯ ಕಡೆಯ ಇಬ್ಬರು ಅಡ್ಮಿನ್ ಆಗಿಬಿಡ್ತಾರೆ, ಬೆಳಗಾದರೆ ಗ್ರೂಪಿನ ಫೋಟೊ ಬದಲಾಗಿರ್ತದ. ಯಾರೂ ಮಾರಲಿಲ್ಲ ಅಂತಾರೆ, ಎಲ್ಲರೂ "ಸೇರಿಸಿದೆ ಅಷ್ಟ" ಅಂತಾರೆ. ನಾನೂ "ಫೋಟೊ ಹೊಡಕೊಳ್ಳಲು ಕೊಟ್ಟೆ ಅಷ್ಟ" ಅಂದವನೇ. ನಮ್ಮ ಸಂಘಟನೆಯಲ್ಲಿ ಇನ್ನು ಮುಂದೆ ಪಟ್ಟಿ ಬರೆಯುವಾಗ ಉಪಜಾತಿ ಕಾಲಂ ಬೇರೆ ಹಾಳೆಯಲ್ಲಿ ಬರೀತೀವಿ, ಅರ್ಜಿ ಸಲ್ಲಿಸಿದ ಮೇಲೆ ಆ ಹಾಳೆ ಆಯಾ ಮನೆಯವರ ಕೈಗೇ ವಾಪಸ್. ಇದಕ್ಕೆ ಹೋದ ಸಭೆಯಲ್ಲಿ ಎಲ್ಲರೂ ಒಪ್ಪಲಿಲ್ಲ. "ಇಷ್ಟೆಲ್ಲಾ ಯಾಕ, ಮಂದಿ ಏನು ಕೇಳ್ಯಾರ?" ಅಂದರು ಹಿರಿಯರೊಬ್ಬರು. ಚಿಗವ್ವ ಕೇಳ್ಯಾಳ ಅಂದೆ.

ಮೊನ್ನೆ ಮತ್ತೆ ಮುಧೋಳ ಕಡೆ ಹೋದೆ. ಚಿಗವ್ವನ ಮನೆ ಕಟ್ಟಿಯ ಮೇಲೆ ಕೂತು ಕೆಂಪು ರಟ್ಟಿನ ಪುಸ್ತಕದ ಕಥೆ ಪೂರ್ತಿ ಹೇಳಿದೆ. ಆಕೆಯ ಹೆಸರೂ ಅದರಲ್ಲಿತ್ತು, ನಲವತ್ತೊಂದನೇ ಹಾಳೆ. ಬಹಳ ಹೊತ್ತು ಮಾತಾಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡಳು. ಆಮೇಲೆ ಫೋನ್ ತೆಗೆದು ನನ್ನ ಮುಂದೆ ಹಿಡಿದು, "ಆ ಬ್ಲಾಕ್ ಮಾಡೂದು ಹೆಂಗ ಅಂತ ತೋರಿಸು, ಮೊದಲ ನಿನ್ನ ನಂಬರ್ ಮಾಡ್ತೀನಿ" ಅಂದಳು. ನಕ್ಕಳೋ ಸಿಟ್ಟಾದಳೋ ಗೊತ್ತಾಗಲಿಲ್ಲ. ತೋರಿಸಿದೆ.

ಆ ಪುಸ್ತಕದಲ್ಲಿರುವ ಉಳಿದ ಮನೆಗಳಿಗೂ ಹೋಗೋದಿದೆ. ಈ ರವಿವಾರ ಬೀಳಗಿ ಕಡೆ, ಮುಂದಿನ ರವಿವಾರ ರಬಕವಿ-ಬನಹಟ್ಟಿ. ಯಾರಾದರೂ ಜೊತೆಗೆ ಬರ್ತೀರಿ ಅಂದ್ರ ಮುಂಜಾನೆ ಎಂಟಕ್ಕೆ ಜಮಖಂಡಿ ಬಸ್ ಸ್ಟ್ಯಾಂಡಿನ ಹೊರಗ ಚಹಾದ ಅಂಗಡಿಗೆ ಬರ್ರಿ.

ಜೈ ಭೀಮ್.